ಕ್ರ್ಯಾಶ್ ಜೂಜಿನ ಆಟ: ನಷ್ಟಕ್ಕೆ ಗಡಿ ಹಾಕುವ, ಆಟದಿಂದ ಹೊರಬರುವ ಕ್ರಮ

ಮೊಬೈಲ್ ಪರದೆಯ ಮೇಲೆ ಪುಟ್ಟದೊಂದು ವಿಮಾನ ಮೇಲೇರುತ್ತದೆ. ಅದರ ಜೊತೆಗೆ 1.00 ಪಟ್ಟಿನಿಂದ ಶುರುವಾದ ಒಂದು ಸಂಖ್ಯೆ 1.20, 1.75, 3.40 ಎಂದು ಬೆಳೆಯುತ್ತಾ ಹೋಗುತ್ತದೆ. ವಿಮಾನ ಮಾಯವಾಗುವ ಮೊದಲು ‘ಕ್ಯಾಶ್‌ಔಟ್’ ಗುಂಡಿ ಒತ್ತಿದವರಿಗೆ ಕಟ್ಟಿದ ಹಣ ಅಷ್ಟು ಪಟ್ಟಾಗಿ ಬರುತ್ತದೆ; ಒತ್ತದೆ ಉಳಿದವರದು ಪೂರ್ತಿ ಹೋಗುತ್ತದೆ. ಕ್ರ್ಯಾಶ್ ಆಟವೆಂದರೆ ಇಷ್ಟೇ. 2014ರ ಸುಮಾರಿಗೆ ಬಿಟ್‌ಕಾಯಿನ್ ಜೂಜಿನ ತಾಣಗಳಲ್ಲಿ ಕಾಣಿಸಿಕೊಂಡ ಈ ಬಗೆಯ ಆಟವನ್ನು ಸ್ಪ್ರೈಬ್ ಕಂಪನಿ 2019ರಲ್ಲಿ ಬಿಡುಗಡೆ ಮಾಡಿದ ‘ಏವಿಯೇಟರ್’ ಜಗತ್ತಿನೆಲ್ಲೆಡೆ ಹರಡಿತು. ವಿಮಾನದ ಬದಲು ರಾಕೆಟ್ಟು, ಬಲೂನು ಏರುವ ನಕಲುಗಳೂ ಬೇಕಾದಷ್ಟು ಇವೆ. ಒಳಗಿನ ಲೆಕ್ಕ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ಮಟ್ಕಾ ಅಥವಾ ಲಾಟರಿಯಲ್ಲಿ ಒಮ್ಮೆ ಚೀಟಿ ಕಟ್ಟಿದ ಮೇಲೆ ಆಡುವವನ ಕೆಲಸ ಮುಗಿಯುತ್ತದೆ, ಫಲಿತಾಂಶಕ್ಕೆ ಕಾಯುವುದಷ್ಟೇ ಉಳಿಯುತ್ತದೆ. ಕ್ರ್ಯಾಶ್ ಆಟದಲ್ಲಿ ಮಾತ್ರ ಕೊನೆಯ ಕ್ಷಣದವರೆಗೂ ಬೆರಳು ಗುಂಡಿಯ ಮೇಲಿರುತ್ತದೆ. ಹಾಗಾಗಿ ಗೆದ್ದಾಗ ‘ನನ್ನ ಅಂದಾಜು ಸರಿಯಿತ್ತು’ ಎಂದೂ ಸೋತಾಗ ‘ಒಂದು ಕ್ಷಣ ಮೊದಲೇ ಒತ್ತಬೇಕಿತ್ತು’ ಎಂದೂ ಅನ್ನಿಸುತ್ತದೆ. ಎರಡೂ ಸುಳ್ಳು, ಏಕೆಂದರೆ ವಿಮಾನ ಎಲ್ಲಿ ಬೀಳಬೇಕೆಂಬುದು ಅದು ಮೇಲೇಳುವ ಮೊದಲೇ ತೀರ್ಮಾನವಾಗಿರುತ್ತದೆ. ಈ ಆಟದಲ್ಲಿ ಆಡುವವರ ಕೈಯಲ್ಲಿ ನಿಜವಾಗಿ ಇರುವುದು ಎಷ್ಟು ಹಣ ಹಾಕುವುದು, ಎಷ್ಟು ಸುತ್ತು ಆಡುವುದು, ಆಟವನ್ನು ತೆರೆಯುವುದೋ ಬಿಡುವುದೋ ಎಂಬ ಮೂರು ಸಂಗತಿಗಳು ಮಾತ್ರ, ಮತ್ತು ಈ ಮೂರನ್ನೂ ಆಟದ ಹೊರಗೆ, ಆಟ ಶುರುವಾಗುವ ಮೊದಲೇ ನಿರ್ಧರಿಸಬೇಕಾಗುತ್ತದೆ. ಮುಂದೆ ಬರುವ ಹೆಜ್ಜೆಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ನೀವಿರುವ ಊರಿನ ಕಾನೂನು ತಿಳಿದುಕೊಳ್ಳಿ

ಭಾರತದಲ್ಲಿ ಈ ಪ್ರಶ್ನೆಗೆ ಈಗ ಹೆಚ್ಚು ಗೊಂದಲವಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯಿದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವೋ ಅದೃಷ್ಟದವೋ ಎಂದು ನೋಡದೆ, ನಿಷೇಧಿಸುತ್ತದೆ. ಇಂಥ ಆಟವನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು ಮತ್ತು 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಕೇವಲ ಆಡಿದವರಿಗೆ ಈ ಕಾಯಿದೆ ಶಿಕ್ಷೆ ಹೇಳಿಲ್ಲ. ಇದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಸೇರಿದಂತೆ ಕೆಲವು ಹೈಕೋರ್ಟುಗಳಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಅದಕ್ಕೂ ಮೊದಲು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯಿದೆಗೆ ತಂದಿದ್ದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದುಮಾಡಿತ್ತು. ‘ಕೋರ್ಟು ಆನ್‌ಲೈನ್ ಆಟಕ್ಕೆ ಒಪ್ಪಿಗೆ ಕೊಟ್ಟಿದೆ’ ಎಂದು ಈ ಆಟಗಳಿಗೆ ಜನರನ್ನು ಸೇರಿಸುವ ಏಜೆಂಟರು ಇಂದಿಗೂ ಹೇಳುವುದು ಆ ತೀರ್ಪನ್ನು ಹಿಡಿದುಕೊಂಡು. ಆದರೆ ಆ ತೀರ್ಪಿನ ಕಾಳಜಿ ರಮ್ಮಿ, ಫ್ಯಾಂಟಸಿ ಕ್ರೀಡೆಯಂಥ ಕೌಶಲದ ಆಟಗಳ ಕುರಿತಾಗಿತ್ತೇ ಹೊರತು, ಪೂರ್ತಿ ಅದೃಷ್ಟದ ಮೇಲೆ ನಡೆಯುವ ಕ್ರ್ಯಾಶ್ ಆಟಕ್ಕೆ ಅದರಿಂದ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ.

ಇದರ ವ್ಯಾವಹಾರಿಕ ಅರ್ಥ ಹೀಗಿದೆ. ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕ ಕೊಂಡಿಯ ಮೂಲಕ ಭಾರತದಲ್ಲಿ ಇಂದು ಕ್ರ್ಯಾಶ್ ಆಟ ತೆರೆದರೆ, ಅದರ ಹಿಂದೆ ಇಲ್ಲಿನ ಯಾವ ಪರವಾನಗಿಯೂ ಇರುವುದಿಲ್ಲ. ಗೆದ್ದ ಹಣ ಕೊಡದಿದ್ದರೆ ಕೇಳುವುದಕ್ಕೆ ಒಂದು ಕಚೇರಿಯೂ ಇಲ್ಲ. ಆದ್ದರಿಂದ ಇಲ್ಲಿರುವವರಿಗೆ ಕೊಡಬಹುದಾದ ಪ್ರಾಮಾಣಿಕ ಸಲಹೆ ಆಡಬೇಡಿ ಎಂಬುದೇ. ಮುಂದಿನ ಮಾತುಗಳು ಈಗಾಗಲೇ ಇದರಲ್ಲಿ ಸಿಕ್ಕಿಕೊಂಡು ನಷ್ಟವನ್ನು ನಿಲ್ಲಿಸಬೇಕೆಂದಿರುವವರಿಗೆ, ಅವರ ಮನೆಯವರಿಗೆ, ಹಾಗೂ ಜೂಜಿಗೆ ಪರವಾನಗಿಯಿರುವ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ.

ಹೊರದೇಶದಲ್ಲಿರುವವರು ಅಲ್ಲಿನ ನಿಯಮವನ್ನು ಪ್ರತ್ಯೇಕವಾಗಿ ನೋಡಬೇಕು. ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ತಾಣಗಳಿವೆ. 2020ರ ಏಪ್ರಿಲ್‌ನಿಂದ ಅಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವಂತಿಲ್ಲ. ಆಸ್ಟ್ರೇಲಿಯದಲ್ಲಿ 2001ರ ಕಾಯಿದೆಯಂತೆ ಆನ್‌ಲೈನ್ ಕ್ಯಾಸಿನೊ ಆಟಗಳನ್ನು ಒದಗಿಸುವುದೇ ನಿಷಿದ್ಧ. ಕರಾವಳಿಯ ಅನೇಕರು ದುಡಿಯುವ ಸೌದಿ ಅರೇಬಿಯ, ಕುವೈತ್‌ನಂಥ ದೇಶಗಳಲ್ಲಿ ಜೂಜು ಅಪರಾಧ; ಅಲ್ಲಿ ಸಿಕ್ಕಿಬಿದ್ದರೆ ಹಣದ ಜೊತೆಗೆ ಕೆಲಸ, ವೀಸಾ ಎಲ್ಲಕ್ಕೂ ಸಂಚಕಾರ.

ಎರಡನೆಯ ಹೆಜ್ಜೆ: ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ

ಏವಿಯೇಟರ್‌ನಲ್ಲಿ ಆಡುವವರಿಗೆ ಹಿಂದಿರುಗುವ ಪಾಲು ನೂರಕ್ಕೆ 97 ಎಂದು ಅದನ್ನು ಮಾಡಿದವರೇ ಪ್ರಕಟಿಸಿದ್ದಾರೆ. ಅಂದರೆ ಕಟ್ಟಿದ ಪ್ರತಿ ನೂರು ರೂಪಾಯಿಯಲ್ಲಿ ಸರಾಸರಿ ಮೂರು ರೂಪಾಯಿ ಆಟ ನಡೆಸುವವರದು. ಇಂಥ ಆಟದಲ್ಲಿ ವಿಮಾನ ಒಂದು ಪಟ್ಟನ್ನು ಮುಟ್ಟುವ ಸಾಧ್ಯತೆ ತಿಳಿಯಬೇಕಾದರೆ 97ನ್ನು ಆ ಪಟ್ಟಿನಿಂದ ಭಾಗಿಸಿದರಾಯಿತು. 1.20 ಪಟ್ಟು ಮುಟ್ಟುವುದು ನೂರರಲ್ಲಿ ಸುಮಾರು 81 ಸಲ, 2 ಪಟ್ಟು 48.5 ಸಲ, 10 ಪಟ್ಟು 9.7 ಸಲ, 100 ಪಟ್ಟು ಒಂದಕ್ಕಿಂತ ಸ್ವಲ್ಪ ಕಡಿಮೆ. ಇವುಗಳಲ್ಲಿ ಯಾವುದನ್ನು ಗುರಿಯಾಗಿಟ್ಟುಕೊಂಡರೂ ಗೆಲುವಿನ ಮೊತ್ತವನ್ನು ಸಾಧ್ಯತೆಯಿಂದ ಗುಣಿಸಿ ನೋಡಿ: ನೂರು ರೂಪಾಯಿಗೆ ಕೈಗೆ ಬರುವುದು 97 ರೂಪಾಯಿ. ಬೇಗ ಒತ್ತಿದರೂ ಅಷ್ಟೇ, ತಡವಾಗಿ ಒತ್ತಿದರೂ ಅಷ್ಟೇ. ಯಾವ ಪಟ್ಟಿನಲ್ಲಿ ಹೊರಬರುವುದು ಜಾಣತನ ಎಂಬ ಚರ್ಚೆಗೆ ಆಟಗಾರರ ಗುಂಪುಗಳಲ್ಲಿ ವ್ಯಯವಾಗುವ ಹೊತ್ತು ಈ ಒಂದು ಗುಣಾಕಾರದಿಂದ ಉಳಿಯುತ್ತದೆ.

ನೂರಕ್ಕೆ ಮೂರು ಎಂದರೆ ಪುಡಿಗಾಸಿನಂತೆ ಕೇಳಿಸುತ್ತದೆ. ಆದರೆ ಈ ಮೂರು ರೂಪಾಯಿ ಹೋಗುವುದು ನೀವು ಖಾತೆಗೆ ತುಂಬಿದ ಹಣದ ಮೇಲಲ್ಲ, ಪ್ರತಿ ಸುತ್ತಿನಲ್ಲಿ ಕಟ್ಟಿದ ಹಣದ ಮೇಲೆ, ಮತ್ತು ಕ್ರ್ಯಾಶ್ ಆಟದ ಸುತ್ತುಗಳು ಬಹಳ ಚುರುಕು. ಅರ್ಧ ನಿಮಿಷಕ್ಕೊಂದು ಸುತ್ತೆಂದು ಹಿಡಿದರೆ ಗಂಟೆಗೆ 120 ಸುತ್ತು. ಸುತ್ತಿಗೆ 50 ರೂಪಾಯಿ ಕಟ್ಟಿದರೆ ಗಂಟೆಯಲ್ಲಿ ತಿರುಗಿದ ಹಣ 6,000, ಸರಾಸರಿ ನಷ್ಟ 180 ರೂಪಾಯಿ. ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳಿಗೆ ಅದು 10,800 ಆಗುತ್ತದೆ. ಏವಿಯೇಟರ್‌ನಲ್ಲಿ ಒಂದೇ ಸುತ್ತಿಗೆ ಎರಡು ಪಣ ಕಟ್ಟಲು ಅವಕಾಶವಿದೆ. ಎರಡನ್ನೂ ಬಳಸಿದರೆ ಈ ಮೊತ್ತವೂ ಇಮ್ಮಡಿ. ಐವತ್ತು ರೂಪಾಯಿಯ ಆಟವೆಂದು ಹೇಳಿಕೊಳ್ಳುವುದು ಆಗಿಹೋಗುವ ಖರ್ಚಿನ ಮಟ್ಟಿಗೆ ಎಷ್ಟು ದೂರದ ಮಾತು ಎಂಬುದು ಇದರಿಂದ ಗೊತ್ತಾಗುತ್ತದೆ.

ಇನ್ನೂ ಒಂದು ಲೆಕ್ಕವಿದೆ, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಪ್ರತಿ ಸಲ 2 ಪಟ್ಟಿಗೆ ಹೊರಬರುವಂತೆ ಒಂದು ಗಂಟೆ ಆಡಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಲಾಭದಲ್ಲಿಯೇ ಏಳುತ್ತಾರೆ. ಅದೇ ಆಟವನ್ನು ಅದೇ ರೀತಿಯಲ್ಲಿ 60 ಗಂಟೆ ಆಡಿದವರಲ್ಲಿ ಲಾಭದಲ್ಲಿ ಉಳಿಯುವುದು ಸುಮಾರು ಇನ್ನೂರರಲ್ಲಿ ಒಬ್ಬರು. ಮೊದಲ ವಾರ ಗೆದ್ದ ಗೆಳೆಯ ಸುಳ್ಳು ಹೇಳುತ್ತಿರುವುದಿಲ್ಲ. ಅವನು ಇನ್ನೂ ಸಾಕಷ್ಟು ಆಡಿಲ್ಲ, ಅಷ್ಟೇ. ಅನುಭವ ಹೆಚ್ಚಿದಂತೆ ಪಳಗುತ್ತೇವೆ ಎಂಬ ನಂಬಿಕೆ ಬೇರೆ ಅನೇಕ ಕೆಲಸಗಳಲ್ಲಿ ನಿಜ. ಇಲ್ಲಿ ಆಡಿದಷ್ಟೂ ಆ ಮೂರು ರೂಪಾಯಿಯ ಸರಾಸರಿ ನಿಮ್ಮನ್ನು ಹಿಡಿಯುವುದು ಖಚಿತವಾಗುತ್ತಾ ಹೋಗುತ್ತದೆ.

1956ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ, ಕೈಯಲ್ಲಿರುವ ಹಣದ ಎಷ್ಟು ಭಾಗವನ್ನು ಪಣಕ್ಕಿಡುವುದು ಉಚಿತ ಎಂಬುದಕ್ಕೆ ಒಂದು ಸೂತ್ರ ಕೊಟ್ಟರು. ಹೂಡಿಕೆಯ ಜಗತ್ತಿನಲ್ಲಿ ಅದಕ್ಕೆ ಇಂದಿಗೂ ಮಾನ್ಯತೆಯಿದೆ, ‘ರಿಸ್ಕ್ ಮ್ಯಾನೇಜ್‌ಮೆಂಟ್’ ಕಲಿಸುವುದಾಗಿ ಹೇಳುವ ಯೂಟ್ಯೂಬ್ ವೀಡಿಯೊಗಳಲ್ಲಿ ಕ್ರ್ಯಾಶ್ ಆಟಕ್ಕೂ ಅದನ್ನು ಅನ್ವಯಿಸುವುದುಂಟು. ಸರಾಸರಿಯಲ್ಲಿ ನಷ್ಟ ತರುವ ಯಾವುದೇ ಪಣಕ್ಕೆ ಆ ಸೂತ್ರ ಕೊಡುವ ಉತ್ತರ ಸೊನ್ನೆ.

ಮೂರನೆಯ ಹೆಜ್ಜೆ: ತಂತ್ರಗಳನ್ನು ಕೈಬಿಡಿ

ಸೋತಾಗಲೆಲ್ಲ ಪಣವನ್ನು ಎರಡು ಪಟ್ಟು ಮಾಡುತ್ತಾ ಹೋಗುವುದು ಎಲ್ಲರಿಗೂ ತಾನಾಗಿಯೇ ಹೊಳೆಯುವ ತಂತ್ರ. ಮಾರ್ಟಿಂಗೇಲ್ ಎಂಬ ಹೆಸರಿನಲ್ಲಿ ಅದು ಶತಮಾನಗಳಿಂದ ಜೂಜುಕೋರರನ್ನು ಮುಳುಗಿಸುತ್ತಾ ಬಂದಿದೆ. 100 ರೂಪಾಯಿಯಿಂದ ಶುರುಮಾಡಿ ಸತತ ಏಳು ಸಲ ಸೋತರೆ ಹೋದದ್ದು 12,700 ರೂಪಾಯಿ. ಎಂಟನೆಯ ಸುತ್ತಿಗೆ 12,800 ಕಟ್ಟಬೇಕು, ಅದು ಗೆದ್ದರೂ ಒಟ್ಟು ಸಿಗುವ ಲಾಭ ನೂರೇ ರೂಪಾಯಿ. ಸತತ ಏಳು ಸೋಲು ಅಪರೂಪವೆಂದು ತೋರುತ್ತದೆ. ಆದರೆ 2 ಪಟ್ಟಿನ ಗುರಿಯಿಟ್ಟು ಗಂಟೆಗೆ 120 ಸುತ್ತು ಆಡುವವರಿಗೆ ಒಂದೇ ಗಂಟೆಯೊಳಗೆ ಇಂಥದ್ದೊಂದು ಸರಣಿ ಎದುರಾಗುವ ಸಾಧ್ಯತೆ ನೂರಕ್ಕೆ ಸುಮಾರು 40.

1.20ಕ್ಕೇ ಹೊರಬಂದುಬಿಡುವ ‘ಸೇಫ್’ ಆಟದ್ದೂ ಬೇರೆ ಕಥೆಯಲ್ಲ. ಐದು ಸಲ ಗೆದ್ದು ಕೂಡಿಸಿದ್ದನ್ನು ಒಂದು ಸೋಲು ಒಯ್ಯುತ್ತದೆ, ಸತತ ಹತ್ತು ಸಲ ಗೆಲ್ಲುವ ಸಾಧ್ಯತೆ ನೂರಕ್ಕೆ 12ರಷ್ಟು ಮಾತ್ರ. ಪರದೆಯ ಮೇಲ್ಭಾಗದಲ್ಲಿ ಹಿಂದಿನ ಸುತ್ತುಗಳ ಸಂಖ್ಯೆಗಳನ್ನು ಸಾಲಾಗಿ ತೋರಿಸುವುದು ಕೂಡ ಒಂದು ಬಲೆಯೇ ಸರಿ. ನಾಲ್ಕು ಸಲ ಬೇಗ ಬಿದ್ದಿದೆ, ಈಗ ಮೇಲೇರಲೇಬೇಕು ಎಂದು ಓದಿಕೊಳ್ಳಲು ಅದು ಪ್ರೇರೇಪಿಸುತ್ತದೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ರೂಲೆಟ್ ಚೆಂಡು ಸತತ 26 ಸಲ ಕಪ್ಪು ಬಣ್ಣದ ಮೇಲೆ ನಿಂತಾಗ, ಇನ್ನೇನು ಕೆಂಪು ಬರಲೇಬೇಕೆಂದು ಹಣ ಸುರಿದವರು ಮಾಡಿಕೊಂಡದ್ದೂ ಇದೇ ಓದು. ಹಿಂದಿನ ಸುತ್ತಿನ ನೆನಪು ನಮಗಿರುತ್ತದೆ, ಆಟಕ್ಕಿರುವುದಿಲ್ಲ.

ಮುಂದಿನ ಸುತ್ತು ಎಲ್ಲಿ ಬೀಳುತ್ತದೆಂದು ಹೇಳುವ ‘ಪ್ರೆಡಿಕ್ಟರ್’ ಆ್ಯಪ್‌ಗಳ ವಿಷಯವನ್ನು ಬೇಗ ಮುಗಿಸಬಹುದು: ಅವೆಲ್ಲ ಮೋಸ. ಎಪಿಕೆ ಕಡತವಾಗಿ, ಅಂದರೆ ಪ್ಲೇ ಸ್ಟೋರ್‌ನ ಹೊರಗಿನಿಂದ ನೇರವಾಗಿ ಫೋನಿಗೆ ಹಾಕಿಕೊಳ್ಳುವ ರೂಪದಲ್ಲಿ, ಬರುವ ಇವುಗಳಲ್ಲಿ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳಿ ಒಟಿಪಿ ಕದಿಯುವಂಥವೂ ಇರುತ್ತವೆ. ಈಗಾಗಲೇ ಹಾಕಿಕೊಂಡಿದ್ದರೆ ತೆಗೆದುಹಾಕಿ, ಬ್ಯಾಂಕಿನ ಪಿನ್ ಮತ್ತು ಪಾಸ್‌ವರ್ಡುಗಳನ್ನು ಬೇರೊಂದು ಫೋನಿನಿಂದ ಬದಲಿಸಿ.

ಪ್ರತಿ ಸುತ್ತಿನ ಫಲಿತಾಂಶವನ್ನು ಗೂಢಲಿಪಿಯ (ಕ್ರಿಪ್ಟೋಗ್ರಫಿ) ಲೆಕ್ಕದಿಂದ ಆಡುವವರೇ ಪರೀಕ್ಷಿಸಿ ನೋಡಬಹುದು, ಹಾಗಾಗಿ ಆಟ ನ್ಯಾಯವಾದದ್ದು ಎಂಬ ವಾದವನ್ನೂ ಕೇಳಿರುತ್ತೀರಿ. ಅಸಲಿ ಆಟಗಳಲ್ಲಿ ಆ ವ್ಯವಸ್ಥೆ ಇರುವುದು ನಿಜ, ಸುತ್ತು ಶುರುವಾದ ಮೇಲೆ ಫಲಿತಾಂಶ ತಿದ್ದಿಲ್ಲವೆಂಬುದನ್ನು ಅದು ತೋರಿಸಿಕೊಡುತ್ತದೆ. ಆದರೆ ಆ ನೂರಕ್ಕೆ ಮೂರರ ಪಾಲು ತಿದ್ದುಪಡಿಯೇ ಬೇಕಿಲ್ಲದಂತೆ ಲೆಕ್ಕದೊಳಗೇ ಸೇರಿಕೊಂಡಿದೆ. ಅಕ್ರಮ ತಾಣಗಳಲ್ಲಿರುವ ನಕಲಿ ಆಟಗಳಿಗಂತೂ ಈ ಪರೀಕ್ಷೆಯೂ ಅನ್ವಯಿಸುವುದಿಲ್ಲ.

ಬೋನಸ್ ಎಂಬುದನ್ನೂ ಇದೇ ಲೆಕ್ಕಕ್ಕೆ ಹಚ್ಚಿ ನೋಡಿ. ಸಾವಿರ ರೂಪಾಯಿಯ ಬೋನಸ್ಸಿಗೆ 30 ಪಟ್ಟು ಆಡಬೇಕೆಂಬ ಷರತ್ತಿದ್ದರೆ, ಹಣ ಹೊರತೆಗೆಯುವ ಮೊದಲು 30,000 ರೂಪಾಯಿ ತಿರುಗಿಸಬೇಕು, ಅದರ ನೂರಕ್ಕೆ ಮೂರರಂತೆ 900 ರೂಪಾಯಿ ಅಲ್ಲೇ ಕರಗುತ್ತದೆ. ಷರತ್ತು ಪೂರೈಸಿ ನಿಜವಾಗಿಯೂ ಏನಾದರೂ ಉಳಿದರೆ, ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ 2023ರಿಂದ ಶೇಕಡ 30ರ ಆದಾಯ ತೆರಿಗೆ ಬೇರೆ ಇದೆ.

ನಾಲ್ಕನೆಯ ಹೆಜ್ಜೆ: ಹಣ ಕೈಗೆ ಸಿಗದಂತೆ ಏರ್ಪಾಡು ಮಾಡಿ

‘ಇಂದು ಐನೂರಕ್ಕಿಂತ ಹೆಚ್ಚು ಆಡುವುದಿಲ್ಲ’ ಎಂಬ ಸಂಕಲ್ಪ ಐನೂರು ಮುಗಿಯುವವರೆಗೆ ಮಾತ್ರ ಗಟ್ಟಿಯಾಗಿರುತ್ತದೆ. ಸೋಲಿನ ಬಿಸಿಯಲ್ಲಿರುವ ಮನಸ್ಸಿನ ಮೇಲೆ ಭಾರ ಹಾಕದೆ, ಶಾಂತವಾಗಿರುವ ಹೊತ್ತಿನಲ್ಲಿ ಬ್ಯಾಂಕಿನ ಮಟ್ಟದಲ್ಲಿಯೇ ತಡೆ ಕಟ್ಟುವುದು ಲೇಸು. ನನ್ನ ಅಭಿಪ್ರಾಯದಲ್ಲಿ ಈ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ಪಾಲಿಸುವಿರಾದರೆ ಅದು ಇದಾಗಿರಲಿ.

ಸಂಬಳ ಬಂದ ದಿನವೇ ಬಾಡಿಗೆ, ಮಕ್ಕಳ ಶುಲ್ಕ, ಸಾಲದ ಕಂತು, ಮನೆಖರ್ಚು ತಾನಾಗಿ ಹೋಗುವಂತೆ ಸೂಚನೆ ಹಾಕಿಡಿ. ಉಳಿದದ್ದರಲ್ಲಿ ಒಂದು ಭಾಗ ಆರ್‌ಡಿ ಅಥವಾ ಎಫ್‌ಡಿಗೆ ಹೋಗಲಿ; ಅವನ್ನು ಮುರಿಯಲು ಹಿಡಿಯುವ ಒಂದಿಷ್ಟು ಸಮಯವೇ ಅನೇಕ ಸಲ ಕಾಪಾಡುತ್ತದೆ. ಯುಪಿಐಯನ್ನು ಸಂಬಳದ ಖಾತೆಯಿಂದ ಬಿಡಿಸಿ, ದಿನಬಳಕೆಗೆ ಬೇಕಾದಷ್ಟೇ ಹಣವಿರುವ ಎರಡನೆಯ ಖಾತೆಗೆ ಜೋಡಿಸಿ. ಬಹಳಷ್ಟು ಬ್ಯಾಂಕುಗಳ ಆ್ಯಪ್‌ನಲ್ಲಿ ಯುಪಿಐ ವರ್ಗಾವಣೆಯ ದಿನದ ಮಿತಿಯನ್ನು ನೀವೇ ತಗ್ಗಿಸಬಹುದು, ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡುಗಳ ಆನ್‌ಲೈನ್ ಹಾಗೂ ವಿದೇಶಿ ವಹಿವಾಟನ್ನು ಪೂರ್ತಿ ಬಂದ್ ಮಾಡಬಹುದು. ಯುಪಿಐ ಆ್ಯಪ್‌ನ ಆಟೊಪೇ ವಿಭಾಗವನ್ನೂ ಒಮ್ಮೆ ತೆರೆದು, ಗುರುತಿಲ್ಲದ ಅನುಮತಿಗಳಿದ್ದರೆ ರದ್ದುಮಾಡಿ.

ಸಾಲದ ಹಣ ಪಣಕ್ಕೆ ಹೋಗಕೂಡದು. ಇದಕ್ಕೆ ವಿನಾಯಿತಿಯೇ ಇಲ್ಲ. ಕ್ರೆಡಿಟ್ ಕಾರ್ಡು, ಸಾಲದ ಆ್ಯಪ್, ಚಿನ್ನದ ಮೇಲಿನ ಸಾಲ, ಚೀಟಿ ಕೂಗಿ ಎತ್ತಿದ ಹಣ, ಗೆಳೆಯನಿಂದ ಪಡೆದ ಕೈಗಡ ಎಲ್ಲವೂ ಇದರಲ್ಲಿ ಬಂದವು. ಫೋನಿನಲ್ಲಿ ಸಾಲದ ಆ್ಯಪ್‌ಗಳಿದ್ದರೆ ಇಂದೇ ತೆಗೆಯಿರಿ.

ಐದನೆಯ ಹೆಜ್ಜೆ: ಆಟದ ವೇಗ ಮುರಿಯಿರಿ

ಇದು ಪರವಾನಗಿಯಿರುವ ದೇಶದಲ್ಲಿ ಆಡುವವರಿಗೆ. ತಾಣದಲ್ಲಿಯೇ ಠೇವಣಿ ಮಿತಿ, ನಷ್ಟದ ಮಿತಿ, ಸಮಯದ ಮಿತಿಗಳನ್ನು ಮೊದಲ ಪಣಕ್ಕೂ ಮುಂಚೆ ಹಾಕಿಡಿ. ತನ್ನಷ್ಟಕ್ಕೆ ಸುತ್ತಿನ ಮೇಲೆ ಸುತ್ತು ಪಣ ಕಟ್ಟುತ್ತಾ ಹೋಗುವ ಆಟೊ ಬೆಟ್ ಸೌಲಭ್ಯವನ್ನು ಬಳಸಬೇಡಿ. ನೀವು ಮೊದಲೇ ಗೊತ್ತುಮಾಡಿದ ಪಟ್ಟಿನಲ್ಲಿ ತಾನೇ ಹೊರಬರುವ ಆಟೊ ಕ್ಯಾಶ್‌ಔಟ್ ಬಳಸಬಹುದು. ಗೆಲುವಿನ ಸಾಧ್ಯತೆಯನ್ನು ಅದು ಒಂದಿಷ್ಟೂ ಹೆಚ್ಚಿಸುವುದಿಲ್ಲ, ಆದರೆ ಗುಂಡಿಯ ಮೇಲೆ ಬೆರಳಿಟ್ಟು ಕೂರುವ ಉದ್ವೇಗ ತಗ್ಗುತ್ತದೆ, ಇಂಟರ್ನೆಟ್ ತಡವಾಗಿ ಪಣ ಹೋಯಿತೆಂಬ ಸಿಟ್ಟೂ ಇರುವುದಿಲ್ಲ. ಒಂದು ಸುತ್ತು ಆಡಿದ ಮೇಲೆ ಮುಂದಿನ ಎರಡು ಸುತ್ತು ಸುಮ್ಮನೆ ನೋಡುವ ನಿಯಮ ಹಾಕಿಕೊಂಡರೆ ಗಂಟೆಯ ನಷ್ಟ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗೆ ಸುಮ್ಮನೆ ನೋಡಲು ನಿಮ್ಮಿಂದ ಆಗುತ್ತಿಲ್ಲ ಎಂದಾದರೆ, ಆ ಸಂಗತಿಯನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಪರದೆಯ ಪಕ್ಕದಲ್ಲಿ ಹರಿಯುತ್ತಿರುವ ಚಾಟ್ ಮತ್ತು ದೊಡ್ಡ ಗೆಲುವುಗಳ ಪಟ್ಟಿಯನ್ನು ಮುಚ್ಚಿ. ಕುಡಿದಿರುವಾಗ, ರಾತ್ರಿ ನಿದ್ದೆಗೆಟ್ಟು, ಮನೆಯಲ್ಲಿ ಜಗಳವಾದ ಮೇಲೆ ಆಡಬೇಡಿ.

ಆರನೆಯ ಹೆಜ್ಜೆ: ಸೋತ ನಂತರದ ಅರ್ಧ ಗಂಟೆ

ಕ್ರ್ಯಾಶ್ ಆಟದಲ್ಲಿ ದೊಡ್ಡ ನಷ್ಟಗಳು ಹುಟ್ಟುವುದು ಸಣ್ಣ ನಷ್ಟವನ್ನು ವಾಪಸ್ ತೆಗೆಯಲು ಹೊರಟಾಗ. ಪಣದ ಮೊತ್ತ ಏರುವುದು, ಯುಪಿಐಯಿಂದ ಎರಡನೆಯ ಸಲ ಹಣ ತುಂಬುವುದು, ಬೇರೆ ಖಾತೆ ಹುಡುಕುವುದು ಎಲ್ಲವೂ ಆಗುವುದು ಈ ಅರ್ಧ ಗಂಟೆಯಲ್ಲಿ. ವಿಮಾನ 1.95ರಲ್ಲಿ ಬಿದ್ದು ನಿಮ್ಮ ಗುರಿ 2 ಆಗಿದ್ದರೆ ಮನಸ್ಸು ಅದನ್ನು ಸೋಲೆಂದು ಎಣಿಸದೆ ಕೂದಲೆಳೆಯಲ್ಲಿ ತಪ್ಪಿದ ಗೆಲುವೆಂದು ಎಣಿಸುತ್ತದೆ. ಇಂಥ ‘ತಪ್ಪಿದ ಗೆಲುವು’ ಸಾಮಾನ್ಯ ಸೋಲಿಗಿಂತ ಹೆಚ್ಚಾಗಿ ಆಟವನ್ನು ಮುಂದುವರಿಸುವಂತೆ ಮಾಡುತ್ತದೆಂಬುದು ಮನೋವಿಜ್ಞಾನದಲ್ಲಿ ಚೆನ್ನಾಗಿ ಗೊತ್ತಿರುವ ವಿಷಯ.

ಆದ್ದರಿಂದ ಒಂದು ದಿನದಲ್ಲಿ ಒಂದೇ ಸಲ ಹಣ ತುಂಬುವುದು, ಅದು ಮುಗಿದ ಮೇಲೆ 24 ಗಂಟೆ ತುಂಬದಿರುವುದು ಎಂಬ ನಿಯಮ ಇರಲಿ. ಹಣ ಮುಗಿದ ಕೂಡಲೇ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಹೊರಗೆ ಹೋಗಿ, ಇಲ್ಲವೇ ವಿಷಯ ಗೊತ್ತಿರುವ ಒಬ್ಬರಿಗೆ ಕರೆಮಾಡಿ. ಗೆದ್ದಾಗಲೂ ನಿಯಮವಿರಬೇಕು: ಮೊತ್ತವನ್ನು ಅದೇ ದಿನ ಬ್ಯಾಂಕಿಗೆ ತೆಗೆದುಬಿಡಿ. ಆಟದ ವ್ಯಾಲೆಟ್ಟಿನಲ್ಲಿ ಉಳಿದದ್ದು ನೋಡುನೋಡುತ್ತಿದ್ದಂತೆ ಹಣದ ಗುಣ ಕಳೆದುಕೊಂಡು ಬರೀ ಅಂಕಿಯಾಗುತ್ತದೆ.

ಏಳನೆಯ ಹೆಜ್ಜೆ: ಬ್ಯಾಂಕಿನ ಪಟ್ಟಿ ಓದಿ

ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ಇಳಿಸಿಕೊಂಡು, ಆಟಕ್ಕೆ ಹೋದದ್ದನ್ನೂ ಅಲ್ಲಿಂದ ಬಂದದ್ದನ್ನೂ ಎರಡು ಸಾಲಿನಲ್ಲಿ ಬರೆದು ಕೂಡಿ. ಗೆಲುವು ನೆನಪಿನಲ್ಲಿ ಉಳಿಯುತ್ತದೆ, ಚಿಲ್ಲರೆ ಸೋಲುಗಳು ಉಳಿಯುವುದಿಲ್ಲ. ಆದ್ದರಿಂದ ನಿಮ್ಮ ಅಂದಾಜನ್ನು ನಂಬದೆ ಅಂಕಿಗಳನ್ನೇ ನೋಡಬೇಕು.

ಜೊತೆಗೆ ಕೆಲವು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆಯಿರಿ. ಮೊದಲಿನಷ್ಟೇ ಉತ್ಸಾಹ ಬರಲು ಈಗ ಹೆಚ್ಚು ಹಣ ಬೇಕಾಗುತ್ತಿದೆಯೇ? ಬಿಡಲು ಹೋದಾಗ ಚಡಪಡಿಕೆ, ಸಿಡುಕು ಬರುತ್ತದೆಯೇ? ಬಿಡುವ ಪ್ರಯತ್ನ ಮತ್ತೆ ಮತ್ತೆ ಮುರಿದಿದೆಯೇ? ಸೋತದ್ದನ್ನು ತೆಗೆಯಲು ಮರುದಿನ ಮತ್ತೆ ಕೂರುತ್ತೀರಾ? ಮನೆಯವರಿಗೆ ಸುಳ್ಳು ಹೇಳಿದ್ದೀರಾ? ಖರ್ಚಿಗೆ ಬೇರೆಯವರ ಮುಂದೆ ಕೈಯೊಡ್ಡಬೇಕಾಗಿದೆಯೇ? ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಜೂಜಿನ ಕಾಯಿಲೆಯನ್ನು ಗುರುತಿಸಲು ಕೊಟ್ಟ ಒಂಬತ್ತು ಲಕ್ಷಣಗಳಲ್ಲಿ ಇವೂ ಸೇರಿವೆ. ಒಂದು ವರ್ಷದೊಳಗೆ ನಾಲ್ಕು ಅಥವಾ ಹೆಚ್ಚು ಲಕ್ಷಣ ಕಂಡರೆ ಅದನ್ನು ಕಾಯಿಲೆಯೆಂದೇ ಪರಿಗಣಿಸುತ್ತಾರೆ. ಆ ಹಂತ ತಲುಪಿದವರಿಗೆ ಮೇಲೆ ಹೇಳಿದ ಮಿತಿಗಳಿಂದ ಪ್ರಯೋಜನವಿಲ್ಲ. ಕಡಿಮೆ ಆಡುವ ಯೋಚನೆ ಬಿಟ್ಟು ಪೂರ್ತಿ ನಿಲ್ಲಿಸುವುದಕ್ಕೆ ಚಿಕಿತ್ಸೆಯ ನೆರವು ಪಡೆಯಬೇಕು.

ಎಂಟನೆಯ ಹೆಜ್ಜೆ: ಹೊರಬರುವುದು

ವಾರವೊಂದನ್ನು ಗೊತ್ತುಮಾಡಿಕೊಂಡು ಕೆಲವು ಕೆಲಸಗಳನ್ನು ಒಟ್ಟಿಗೆ ಮುಗಿಸಿ. ಖಾತೆಯಲ್ಲಿ ಉಳಿದ ಹಣ ಬಂದರೆ ತೆಗೆಯಿರಿ, ಬಾರದಿದ್ದರೆ ಅದರ ಆಸೆ ಬಿಡಿ. ಹಣ ಬಿಡಿಸಿಕೊಳ್ಳಲು ಇನ್ನಷ್ಟು ‘ಶುಲ್ಕ’ ಅಥವಾ ‘ತೆರಿಗೆ’ ಕಟ್ಟಿರೆಂದು ಹೇಳಿದರೆ ಅದು ಎರಡನೆಯ ಮೋಸ. ಆ್ಯಪ್ ತೆಗೆಯುವುದರ ಜೊತೆಗೆ ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಿಂದ ಹೊರಬಂದು ಏಜೆಂಟರ ನಂಬರುಗಳನ್ನು ಬ್ಲಾಕ್ ಮಾಡಿ. ಬೆಟ್‌ಬ್ಲಾಕರ್ ಎಂಬ ಉಚಿತ ತಂತ್ರಾಂಶ ಜೂಜಿನ ತಾಣಗಳನ್ನು ಫೋನಿನಲ್ಲಿ ತೆರೆಯದಂತೆ ತಡೆಯುತ್ತದೆ. ಬ್ರಿಟನ್ನಿನಲ್ಲಿರುವವರು ಗ್ಯಾಮ್‌ಸ್ಟಾಪ್‌ನಲ್ಲಿ ಒಮ್ಮೆ ಹೆಸರು ಕೊಟ್ಟರೆ ಅಲ್ಲಿನ ಪರವಾನಗಿಯುಳ್ಳ ಎಲ್ಲ ತಾಣಗಳೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಅವರಿಗೆ ಮುಚ್ಚಿಕೊಳ್ಳುತ್ತವೆ.

ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗಾಗಿಯೇ 2014ರಿಂದ ‘ಶಟ್’ ಚಿಕಿತ್ಸಾಲಯ ನಡೆಯುತ್ತಿದೆ. ದೂರದ ಊರಿನವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಸಾಲ ತಲೆಯ ಮೇಲೆ ಬಂದು ಬದುಕೇ ಬೇಡವೆನ್ನಿಸುವ ಯೋಚನೆ ಒಮ್ಮೆ ಬಂದಿದ್ದರೂ, ನಾಳೆಗೆಂದು ತಳ್ಳದೆ ಈಗಲೇ 14416ಕ್ಕೆ ಕರೆಮಾಡಿ, ಪಕ್ಕದಲ್ಲಿರುವ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ. ಎಷ್ಟೇ ದೊಡ್ಡ ಸಾಲವನ್ನೂ ಕಂತು ಮಾಡಿ ತೀರಿಸುವ ದಾರಿಗಳಿವೆ.

ಸಾಲಗಳನ್ನು ಒಂದು ಹಾಳೆಯಲ್ಲಿ ಬಡ್ಡಿ ದರದೊಂದಿಗೆ ಬರೆದು, ಹೆಚ್ಚು ಬಡ್ಡಿಯದ್ದನ್ನು ಮೊದಲು ತೀರಿಸುವ ಯೋಜನೆ ಹಾಕಿ. ಬ್ಯಾಂಕಿಗೆ ನೀವೇ ಮೊದಲು ಹೋಗಿ ಕಂತು ಮರುಹೊಂದಾಣಿಕೆ ಕೇಳುವುದು, ಅವರು ಹುಡುಕಿಕೊಂಡು ಬರುವುದಕ್ಕಿಂತ ಉತ್ತಮ. ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ಹೇಳಿದೆ. ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೂ ಬಂದಿದೆ.

ಖಾತೆ ಸ್ಥಗಿತವಾದರೆ

ಅಕ್ರಮ ತಾಣಗಳಲ್ಲಿ ಹಣದ ಓಡಾಟ ನಡೆಯುವುದು ಬಾಡಿಗೆಗೆ ಪಡೆದ ಅಪರಿಚಿತರ ಖಾತೆಗಳ ಮೂಲಕ. ನಿಮಗೆ ‘ಗೆದ್ದ ಹಣ’ವಾಗಿ ಬಂದದ್ದು ಇನ್ನಾರೋ ಸೈಬರ್ ವಂಚನೆಯಲ್ಲಿ ಕಳೆದುಕೊಂಡ ಹಣವಾಗಿದ್ದರೆ, ಬೇರೆ ರಾಜ್ಯದ ಪೊಲೀಸರ ಸೂಚನೆಯಂತೆ ನಿಮ್ಮ ಖಾತೆಯೂ ಸ್ಥಗಿತವಾಗಬಹುದು. ಹಾಗಾದರೆ ಬ್ಯಾಂಕಿನ ಶಾಖೆಗೆ ಹೋಗಿ ಯಾವ ಠಾಣೆ, ಯಾವ ದೂರಿನ ಸಂಖ್ಯೆ, ಎಷ್ಟು ಮೊತ್ತ ಎಂಬ ವಿವರವನ್ನು ಬರವಣಿಗೆಯಲ್ಲಿ ಪಡೆಯಿರಿ, ವಹಿವಾಟಿನ ದಾಖಲೆಗಳನ್ನು ಅಳಿಸದೆ ಇಟ್ಟುಕೊಳ್ಳಿ, ವಕೀಲರೊಬ್ಬರನ್ನು ಕಂಡು ಉತ್ತರ ಕೊಡಿ. ದುಡ್ಡು ಕೊಟ್ಟರೆ ಬಿಡಿಸಿಕೊಡುತ್ತೇವೆನ್ನುವ ಮಧ್ಯವರ್ತಿಗಳ ಹತ್ತಿರ ಹೋಗಬೇಡಿ. ನೀವೇ ಮೋಸಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆದಷ್ಟು ಬೇಗ ಕರೆಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕಮಿಷನ್ ಆಸೆಗೆ ನಿಮ್ಮ ಖಾತೆಯನ್ನು ಮತ್ತೊಬ್ಬರ ಬಳಕೆಗೆ ಕೊಡುವುದಂತೂ ಆಡುವುದಕ್ಕಿಂತ ಅಪಾಯದ ಕೆಲಸ, ಅಲ್ಲಿ ನೀವೇ ಆರೋಪಿಯಾಗುತ್ತೀರಿ.

ಮನೆಯವರು ಮಾಡಬಹುದಾದದ್ದು

ಮಗನೋ ಗಂಡನೋ ತಮ್ಮನೋ ಆಡುತ್ತಿದ್ದಾನೆಂದು ಗೊತ್ತಾದ ದಿನ ಆಣೆ ಪ್ರಮಾಣ ಮಾಡಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಆಣೆ ಮುರಿದ ಮೇಲೆ ಅದನ್ನು ಮುಚ್ಚಿಡಲು ಇನ್ನೊಂದು ಸುಳ್ಳು ಬೇಕಾಗುತ್ತದೆ, ಅಷ್ಟೇ ಫಲ. ಅದರ ಬದಲು ಅವರ ಒಪ್ಪಿಗೆ ಪಡೆದು ಕೆಲವು ತಿಂಗಳ ಮಟ್ಟಿಗೆ ಸಂಬಳದ ಖಾತೆಯ ಉಸ್ತುವಾರಿಯನ್ನು ಮನೆಯ ಇನ್ನೊಬ್ಬರು ನೋಡಿಕೊಳ್ಳುವುದು, ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಸ್ಟೇಟ್‌ಮೆಂಟ್ ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ‘ಒಟ್ಟು ಎಷ್ಟಾಗಿದೆ ಅಂತ ಒಂದೇ ಸಲ ಹೇಳಿಬಿಡು, ಬೈಯುವುದಿಲ್ಲ’ ಎಂದು ಕೇಳಿ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. ಬಹಳ ಮಂದಿ ಮೊದಲ ಸಲ ಅರ್ಧ ಸಾಲವನ್ನಷ್ಟೇ ಹೇಳುತ್ತಾರೆ, ಉಳಿದರ್ಧವನ್ನು ಆಡಿಯೇ ತೀರಿಸುವ ಆಸೆ ಇನ್ನೂ ಒಳಗಿರುತ್ತದೆ.

ಸಾಲ ತೀರಿಸಲು ಒಡವೆ ಮಾರಿದ ಹಣವನ್ನೋ ಜಮೀನಿನ ಹಣವನ್ನೋ ಕೊಡಬೇಕಾಗಿ ಬಂದರೆ ಅದನ್ನು ಅವರ ಕೈಗೆ ಕೊಡಬೇಡಿ. ಸಾಲ ಕೊಟ್ಟ ಬ್ಯಾಂಕಿಗೆ ಅಥವಾ ವ್ಯಕ್ತಿಗೆ ನೇರವಾಗಿ ಪಾವತಿಸಿ, ರಸೀದಿ ಮತ್ತು ಸಾಲ ತೀರಿದ ಪತ್ರ ಪಡೆದು, ಮುಂದಿನ ಸಾಲಕ್ಕೆ ಹೋಗಿ.